ಕೌದಿ ಹೊದ್ದ ಲ್ಯಾಪ್‌ಟಾಪ್

ಅಮೀರ್‌ಪೇಟ್‌ನ ರಿಪೇರಿ ಅಂಗಡಿಯ ಬೆಂಚಿನಲ್ಲಿ ನನ್ನ ಪಕ್ಕ ಅತ್ತೆ, ಸೊಸೆ. ಸೊಸೆಯ ತೊಡೆಯ ಮೇಲೆ ಲ್ಯಾಪ್‌ಟಾಪ್.

“ತೊಂಬತ್ತೈದು ಡಿಗ್ರಿ ಕಾದೈತ್ರಿ ಅತ್ತಿ. ಎಂಬತ್ತರ ತನಕಾ ನಡೀತೈತಿ, ಇದು ಭಾಳ ಆತು.”

“ಅಷ್ಟಕ್ಕ ಹಂಚಿನ ಮ್ಯಾಲ ರೊಟ್ಟಿನೂ ಬೇಯಂಗಿಲ್ಲವ್ವಾ.”

“ರೊಟ್ಟಿ ಅಲ್ರೀ, ಇದು ಆಫೀಸಿಂದು. ಎಲ್ಲಾ ನಿಮ್ಮ ಮಗನ ಗೇಮಿನ ಪ್ರತಾಪ. ಬೈದು ತಗಸಿ ಹಾಕೀನಿ.”

ಅತ್ತೆ ಸೆರಗು ಸರಿಮಾಡಿಕೊಂಡರು.

“ಗುರುಶಾಂತಂದು ತಪ್ಪಿಲ್ಲ. ಥಂಡಿಗೆ ಮೊಸರು ಹೆಪ್ಪಾಗವಲ್ದಾಗಿತ್ತು. ಇದು ಚಾಲೂ ಇದ್ದಾಗ ಬಾಜೂಕ ಹಾಲಿನ ಗಡಗಿ ಇಟ್ಟು, ಎರಡಕ್ಕೂ ಕೌದಿ ಹೊಚ್ಚತಿದ್ದೆ.”

“ದಿನಾನೂ?”

“ಮೊಸರು ಗಟ್ಟಿ ಐತಿ ಅಂತ ನೀನೇ ಅಂದಿದ್ದೆಲ್ಲ... ಪಾಪ, ಅಂವಗ ಹೇಳೂಣೇನು?”

“ನನಗೂ ಮನಸ್ಸು ಚುರ್ರ ಅಂತೈತಿ. ಆದ್ರ ಬ್ಯಾಡ್ರಿ. ಗೇಮ್ ಬಿಟ್ಟ ಮ್ಯಾಲ ಭಾಂಡೆ ತೊಳ್ಯಾಕತ್ತಾರ.”

ಅಂಗಡಿಯವನು ಕರೆದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಎದ್ದು ಹೋದರು.