ಖಾಲಿ ಬಿಟ್ಟ ಪಿಎಚ್

ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹುಡುಗಿ ಲ್ಯಾಪ್‌ಟಾಪ್ ತೆರೆದು ಪಕ್ಕದ ಹೆಂಗಸಿಗೆ ತೋರಿಸುತ್ತಿದ್ದಳು.

“ಅಕ್ಕಾ, ನಾನು ಕೆಟ್ಟೆ. ನೀರಿನ ಲೆಕ್ಕ ಹಾಕೋ ಸಾಫ್ಟ್‌ವೇರ್‌ನಲ್ಲಿ ಬೋರ್‌ವೆಲ್ ನೀರಿನ ಪಿಎಚ್, ಅದೇ ಹುಳಿ-ಕ್ಷಾರದ ಅಂಕಿ, ತುಂಬೋದೇ ಮರೆತಿದ್ದೆ.”

“ಸಾಫ್ಟ್‌ವೇರ್ ಕೇಳಲಿಲ್ವೇನೇ?”

“ಖಾಲಿ ಬಿಟ್ಟರೆ ಅದೇ ಏಳು ಅಂತ ಹಾಕ್ಕೊಳ್ಳುತ್ತೆ. ನಿಜವಾಗಿ ಇದ್ದಿದ್ದು ಒಂಬತ್ತು. ಈಗ ಒಂಬತ್ತು ಹಾಕಿದ್ರೆ, ನೆಲದೊಳಗಿನ ಕಲ್ಲಿಗೆ ಅಂಟಿದ್ದ ಆರ್ಸೆನಿಕ್ ವಿಷ ನೀರಿಗೆ ಬಿಟ್ಕೊಳ್ಳುತ್ತೆ ಅಂತ ತೋರಿಸ್ತಿದೆ.”

“ಕಲಿಯೋಕೆ ಅಂತ ಮಾಡಿದ ಲೆಕ್ಕ ತಾನೇ, ಬಿಡು.”

“ಅದನ್ನೇ ನಮ್ಮ ಆಫೀಸಿನ ಸಾಹೇಬರು ನೀರು ಕುಡಿಯೋಕೆ ಯೋಗ್ಯ ಅನ್ನೋ ವರದಿಗೆ ಸೇರಿಸಿ ಕಳಿಸಿಬಿಟ್ರು. ಶಾಲೆಗೆ ಆ ನೀರು ಬಿಟ್ಟು ಹನ್ನೊಂದು ದಿನ ಆಯ್ತು.”

“ಅಯ್ಯೋ! ಸಾಹೇಬರಿಗೆ ಹೇಳಿದ್ಯಾ?”

“ಬೆಳಗ್ಗೆಯಿಂದ ಗೋಗರೀತಿದೀನಿ. ಮೊನ್ನೆ ಮೊನ್ನೆ ಕಲಿತವಳು, ನಿಂಗೇನು ಗೊತ್ತು ಅಂತಾರೆ.”

“ಶಾಲೆ ಸ್ಟಾಪ್ ಬಂತು ನಡಿ, ಇಳಿಯೋಣ. ನಲ್ಲಿ ನಾವೇ ಮುಚ್ಚೋಣ.”

“ಊಟದ ಬೆಲ್ ಆಗಿರುತ್ತೆ ಅಕ್ಕಾ,” ಅಂದಳು ಹುಡುಗಿ. “ಎಲ್ಲರೂ ಬಾಟಲಿ ಹಿಡ್ಕೊಂಡು ನಿಂತಿರ್ತಾರೆ.”

ಬಸ್ಸು ನಿಲ್ಲುವ ಮೊದಲೇ ಇಬ್ಬರೂ ಇಳಿದು ಓಡಿದರು.