ಹೂವಿಗೆ ಹಾಕಿದ ದೀಪಗಳನ್ನು ವಾಪಸ್ ಕೊಡಿಸುವ ಬಗ್ಗೆ

ನಾನು ಪ್ರಮೋದಾ ಕೋಂ ಶಶಿಕುಮಾರ್, ವಯಸ್ಸು 41 ವರ್ಷ, ಉದ್ಯೋಗ ಸೇವಂತಿಗೆ ಬೆಳೆಯುವುದು, ವಾಸ ಚಿಕ್ಕಹೊಸಕೆರೆ ಗ್ರಾಮ, ಕಸಬಾ ಹೋಬಳಿ, ದೊಡ್ಡಬಳ್ಳಾಪುರ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ. ಈ ದಿನ ಯಾರೂ ಕರೆಯದಿದ್ದರೂ ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ನಮ್ಮೂರ ಕೆರೆಯ ದಡಕ್ಕೆ ಹೊಂದಿಕೊಂಡಂತೆ ನಮಗೆ ಇಪ್ಪತ್ತು ಗುಂಟೆ ಜಮೀನಿದೆ. ನನ್ನ ಗಂಡ ದೊಡ್ಡಬಳ್ಳಾಪುರದಲ್ಲಿ ಮಗ್ಗದ ರಾತ್ರಿ ಪಾಳಿಗೆ ಹೋಗುತ್ತಾರೆ, ತೋಟ ನೋಡಿಕೊಳ್ಳುವವಳು ನಾನು. ಈ ತಿಂಗಳ ಮೊದಲ ವಾರದಲ್ಲಿ ಸೇವಂತಿಗೆ ನಾಟಿ ಮಾಡಿ, ಅಂದಿನಿಂದ ಪ್ರತಿ ರಾತ್ರಿ ಹತ್ತರಿಂದ ಎರಡರವರೆಗೆ ಸಾಲಿನ ಮೇಲೆ ತಂತಿ ಎಳೆದು ಬಲ್ಬು ಉರಿಸುತ್ತಿದ್ದೆ. ನಮ್ಮ ಕಡೆ ಹೂವು ಬೆಳೆಯುವವರು ಬಹಳ ಜನ ಹೀಗೆ ಮಾಡುತ್ತಾರೆ. ಹೊಸಬರು ರಾತ್ರಿ ರಾಜಘಟ್ಟದ ಕಡೆಯಿಂದ ಬಂದರೆ ಯಾರದೋ ಮದುವೆ ಎಂದುಕೊಳ್ಳುತ್ತಾರೆ. ಸೇವಂತಿಗೆ ಗಿಡಕ್ಕೆ ಕತ್ತಲು ಉದ್ದವಾದರೆ ಮೊಗ್ಗು ಕಟ್ಟುತ್ತದೆ, ನಡುರಾತ್ರಿ ಬೆಳಕು ಬಿದ್ದರೆ ಕಟ್ಟದೆ ಎತ್ತರಕ್ಕೆ ಹೋಗುತ್ತದೆ. ನನ್ನ ಗಿಡಗಳು ಈಗ ಗೇಣುದ್ದ ಇವೆ. ಈಗಲೇ ಮೊಗ್ಗು ಬಂದರೆ ವೈಶಾಖದ ಮದುವೆಗಳಿಗೆ ಹೂವಿಲ್ಲ, ಇಡೀ ಬೆಳೆ ಕುರಿಗೆ. ಇದನ್ನು ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಉಮಾಶಂಕರ್ ಅವರು ಇಲ್ಲಿ ನಕ್ಕರು. ನಕ್ಕಿದ್ದನ್ನೂ ಬರೆಯಿರಿ ಎಂದು ಹೇಳಿದ್ದೇನೆ.

ದಿನಾಂಕ 25-01-2025ರ ಶನಿವಾರ ಸಂಜೆ ಸುಮಾರು ಐದು ಗಂಟೆಗೆ ಇಬ್ಬರು ಪೊಲೀಸರು ನಮ್ಮ ತೋಟಕ್ಕೆ ಬಂದರು. ಜೊತೆಯಲ್ಲಿ ನಮ್ಮೂರ ಮೀನುಗಾರರ ಸಂಘದ ಕಾರ್ಯದರ್ಶಿ ರವಿಚಂದ್ರ ಇದ್ದ. ಕೆರೆಗೆ ಮೀನುಮರಿ ಬಿಟ್ಟಿರುವುದು ಈ ಸಂಘ. ಬರುವ ಭಾನುವಾರ ದೊಡ್ಡ ಬಲೆ ಎಳೆದು ಸದಸ್ಯರ ಮನೆಗಳಿಗೆಲ್ಲ ಪಾಲು ಹಂಚುವುದಿದೆ. ಮೂರು ವಾರದಿಂದ ರಾತ್ರಿ ಕೆರೆಯಲ್ಲಿ ಬೆಳಕು ಕಾಣುತ್ತಿದೆ, ಮೀನು ಕಡಿಮೆಯಾಗುತ್ತಿದೆ ಎಂದು ಸದಸ್ಯರು ಅವನನ್ನು ಕೇಳುತ್ತಿದ್ದರಂತೆ. ಅದಕ್ಕೆ ಅವನು, ನಾನು ದೀಪ ಹಾಕಿ ಮೀನುಗಳನ್ನು ದಡಕ್ಕೆ ಕರೆದು ಹಿಡಿಯುತ್ತಿದ್ದೇನೆಂದು ನನ್ನ ಮೇಲೆ ದೂರು ಕೊಟ್ಟಿದ್ದ. ದೀಪ ಇರುವುದು ಹೂವಿಗೆ ಎಂದು ನಾನು ಹೇಳಿದೆ. ಅದಕ್ಕೆ ಅವನು ಪೊಲೀಸರ ಎದುರಿಗೇ, "ಹೂವಿಗಂತೆ ದೀಪ. ಹೂವೇನ್ ರಾತ್ರಿಯೆಲ್ಲ ಕೂತ್ಕೊಂಡು ಓದ್ಕೊಳ್ಳುತ್ತಾ?" ಎಂದ. ಪೊಲೀಸರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ಅತ್ತೆ ಗಂಗಲಕ್ಷ್ಮಮ್ಮ ಅಡ್ಡ ನಿಂತು, "ನಮ್ಮನೆ ಒಲೆ ಮೇಲೆ ಇವತ್ತಿನ್‌ವರ್ಗೂ ಮೀನು ಹತ್ತಿಲ್ಲ ಕಣಪ್ಪಾ, ಬೇಕಾದ್ರೆ ಪಾತ್ರೆ ಮೂಸ್ನೋಡು" ಎಂದು ಹೇಳಿದರು. ಯಾರೂ ಮೂಸಲಿಲ್ಲ. ನಲವತ್ತು ಬಲ್ಬುಗಳನ್ನು ಬಿಚ್ಚಿಸಿ, ತಂತಿ ಸಮೇತ ಗೋಣಿಚೀಲಕ್ಕೆ ತುಂಬಿಸಿ ಜೀಪಿನಲ್ಲಿ ಇಟ್ಟುಕೊಂಡು ಹೋದರು.

ಮಾರನೆಯ ದಿನ ಬಲ್ಬು ಕೇಳಲು ಠಾಣೆಗೆ ಬಂದೆ. ಅಂದು ಗಣರಾಜ್ಯೋತ್ಸವ. ಸಾಹೇಬರು ಪೆರೇಡಿಗೆ ಹೋಗಿದ್ದಾರೆ ಎಂದು ಹೇಳಿ ನನ್ನ ಕೈಗೆ ಒಂದು ಲಾಡು ಕೊಟ್ಟು ಕಳಿಸಿದರು. ಲಾಡು ಚೆನ್ನಾಗಿತ್ತು, ಅದರ ಬಗ್ಗೆ ನನ್ನದೇನೂ ದೂರಿಲ್ಲ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ಹನ್ನೊಂದು ಗಂಟೆ ಆಗಿರಬಹುದು, ತೋಟಕ್ಕೆ ಹೋಗಿ ಕತ್ತಲಲ್ಲಿ ಗಿಡಗಳ ಪಕ್ಕ ಸುಮ್ಮನೆ ಕುಳಿತೆ. ಮಕ್ಕಳನ್ನು ಹಸಿದ ಹೊಟ್ಟೆಯಲ್ಲಿ ಮಲಗಿಸಿದ ಹಾಗೆ ಸಂಕಟವಾಗುತ್ತಿತ್ತು. ಆಗ ಕೆರೆಯ ಕಡೆ ನೋಡಿದರೆ, ತೂಬಿನ ಆಚೆ ಮೂಲೆಯಲ್ಲಿ ನೀರೊಳಗೆ ಬೆಳಕು ಕಾಣಿಸಿತು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಆ ಬೆಳಕನ್ನು ನಾನು ಮೊದಲ ಸಲ ನೋಡಿದ್ದಲ್ಲ. ದೀಪ ಹಾಕಿದ ದಿನದಿಂದ ಎಷ್ಟೋ ರಾತ್ರಿ ನೋಡಿದ್ದೆ. ನೋಡಿ, ನನ್ನ ಬಲ್ಬುಗಳ ಬಿಂಬ ನೀರಿನಲ್ಲಿ ಬಿದ್ದಿದೆ ಎಂದುಕೊಂಡಿದ್ದೆ. ಎಷ್ಟು ಚೆನ್ನಾಗಿ ಕಾಣುತ್ತೆ ನೋಡಿ ಎಂದು ಅತ್ತೆಯನ್ನು ಕರೆದು ತೋರಿಸಿಯೂ ಇದ್ದೆ. ಈಗ ನನ್ನ ಬಲ್ಬುಗಳು ಠಾಣೆಯ ಗೋಣಿಚೀಲದಲ್ಲಿವೆ, ಅವುಗಳ ಬಿಂಬ ಮಾತ್ರ ಕೆರೆಯಲ್ಲೇ ಉಳಿದಿದೆ. ಮೊದಲು ಹೆದರಿಕೆಯಾಯಿತು, ಆಮೇಲೆ ಅದು ಬೇರೆ ಯಾರೋ ಮೀನಿಗೆ ಹಾಕಿದ ದೀಪ ಎಂದು ಅರ್ಥವಾಯಿತು, ಅರ್ಥವಾದ ಮೇಲೆ ಖುಷಿಯಾಯಿತು. ಓಡಿಹೋಗಿ ಅತ್ತೆಯನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ಬೆಳಕು ಆರಿತ್ತು.

ಬೆಳಿಗ್ಗೆ ಇಸ್ಹಾಕ್ ಅವರಿಗೆ ಫೋನ್ ಮಾಡಿದೆ. ಮಗ್ಗಗಳ ಮೋಟಾರು ರಿಪೇರಿ ಮಾಡುವವರು, ನಮ್ಮ ತೋಟಕ್ಕೆ ವೈರಿಂಗ್ ಮಾಡಿದವರೂ ಅವರೇ. ನೀರೊಳಗೆ ಬಿಡುವ ದೀಪ ಬಜಾರಿನಲ್ಲಿ ಸಿಗುತ್ತದೆ, ಬ್ಯಾಟರಿಯಲ್ಲಿ ಉರಿಯುತ್ತದೆ ಎಂದು ಅವರು ತಿಳಿಸಿದರು. "ಅಮ್ಮಾ, ನಿಮ್ ಬಾಯಿ ನಂಗೊತ್ತು. ಅವ್ರು ದಡಕ್ಕೆ ಬರೋವರ್ಗೂ ಒಂದ್ ಮಾತೂ ಆಡ್ಬಾರ್ದು" ಎಂದು ನನ್ನಿಂದ ಮಾತು ತೆಗೆದುಕೊಂಡರು. ಕೆರೆ ಕಾವಲಿನ ಪಿಳ್ಳಪ್ಪನವರನ್ನೂ ಕೇಳಿದೆವು. ಅವರೂ ದಿನಾ ಆ ಬೆಳಕು ನೋಡಿದ್ದರಂತೆ. "ನಿಮ್ ಹೂವಿನ್ ದೀಪ ಅಲ್ವಾ ಅಂತ ಹೋಗಿ ಮಲೀಕೊಂಬುಡ್ತಿದ್ದೆ ಕಣಮ್ಮ" ಎಂದರು. ಊರಿನಲ್ಲಿ ಬೇರೆಯವರನ್ನು ಕೇಳಿದರೂ ಇದೇ ಉತ್ತರ. ಇಡೀ ಊರಿಗೆ ಕಂಡ ಬೆಳಕು ನನ್ನ ಲೆಕ್ಕಕ್ಕೇ ಬಿದ್ದಿತ್ತು.

ನಿನ್ನೆ ದಿನಾಂಕ 27ರ ಸೋಮವಾರ ರಾತ್ರಿ ಹತ್ತು ಗಂಟೆಗೆ ನಾನು, ಇಸ್ಹಾಕ್ ಮತ್ತು ಪಿಳ್ಳಪ್ಪ ಏರಿಯ ಹೊಂಗೆ ಮರದ ಹಿಂದೆ ಕುಳಿತೆವು. ಅಲ್ಲಿಂದ ತೂಬಿನ ಮೂಲೆ ಸುಮಾರು ಮೂವತ್ತು ಮೀಟರ್. ಅಮಾವಾಸ್ಯೆ ಹತ್ತಿರವಾದ್ದರಿಂದ ಗಾಢ ಕತ್ತಲಿತ್ತು. ನಾನು ಮಿಸ್ಡ್ ಕಾಲ್ ಕೊಟ್ಟ ಕೂಡಲೇ ಅತ್ತೆಯವರು ತಟ್ಟೆ ಬಡಿದು ಊರನ್ನು ಎಬ್ಬಿಸುವುದೆಂದು ಮಾತಾಗಿತ್ತು.

ಹನ್ನೊಂದು ಗಂಟೆ ದಾಟಿದ ಮೇಲೆ ಒಂದು ತೆಪ್ಪ ಬಂತು, ಅದರಲ್ಲಿ ಇಬ್ಬರಿದ್ದರು. ಹಗ್ಗ ಕಟ್ಟಿದ ದೀಪವೊಂದನ್ನು ನೀರೊಳಗೆ ಇಳಿಸಿದರು. ಅಲ್ಲಿಯ ನೀರೆಲ್ಲ ಒಳಗಿನಿಂದ ಹಸಿರಾಗಿ ಬೆಳಗಿತು. ಮೊದಲು ಹುಳ ಮುತ್ತಿದವು. ಆಮೇಲೆ ಸಣ್ಣ ಮೀನುಗಳು ಎಸರಿನಲ್ಲಿ ಅಕ್ಕಿ ಕುದಿಯುವ ಹಾಗೆ ಮೇಲೆ ಕೆಳಗೆ ಆಡತೊಡಗಿದವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಕಾಟ್ಲಾ ಮೀನುಗಳು ಎದ್ದು ಬಂದವು, ಒಂದೊಂದೂ ನನ್ನ ತೋಳುದ್ದ, ದೀಪದ ಸುತ್ತ ಸುತ್ತತೊಡಗಿದವು. ಹುಟ್ಟಿದಾಗಿನಿಂದ ಕೆರೆ ಪಕ್ಕದಲ್ಲೇ ಇದ್ದೇನೆ, ಇಂಥದ್ದನ್ನು ನೋಡಿರಲಿಲ್ಲ. ಏತಕ್ಕೆ ಬಂದಿದ್ದೇನೆ ಎನ್ನುವುದೇ ಒಂದು ಗಳಿಗೆ ಮರೆತುಹೋಯಿತು. ಪಿಳ್ಳಪ್ಪನವರು ನನ್ನ ಕಿವಿಯಲ್ಲಿ, "ಅಯ್ಯೋ ಪಾಪ, ಹೆಂಗ್ ನಂಬ್ಕೊಂಡ್ ಬತ್ತವೆ ನೋಡಮ್ಮ" ಎಂದರು.

ತೆಪ್ಪದಲ್ಲಿದ್ದವರಲ್ಲಿ ಒಬ್ಬ ಬೀಸುಬಲೆ ಬೀಸಿ ಬೀಸಿ ಮೂರು ಚೀಲ ಮೀನು ತುಂಬಿದ, ಮತ್ತೆ ಬಲೆ ಹಿಡಿದು ಎದ್ದು ನಿಂತ. ಇನ್ನೊಬ್ಬನಿಗೆ, "ಬೇಗ ಬೇಗ ಮಾಡ್ಲಾ. ಆವಮ್ಮನ ತೋಟ ಬೇರೆ ಕತ್ತಲಾಗೋಗಿದೆ, ನಮ್ದೊಂದೇ ಕಾಣ್ತೈತೆ" ಎಂದು ಹೇಳಿದ. ಧ್ವನಿ ರವಿಚಂದ್ರನದು. ಇಸ್ಹಾಕ್ ಅವರಿಗೆ ಕೊಟ್ಟ ಮಾತು ನನ್ನಿಂದ ಉಳಿಸಿಕೊಳ್ಳಲಾಗಲಿಲ್ಲ. ಎದ್ದು ನಿಂತು, "ಲೇ ರವಿಚಂದ್ರ, ಮೀನೇನ್ ಪರೀಕ್ಷೆಗೆ ಓದ್ಕೊಳ್ತಾವೇನೋ, ದೀಪ ತಂದಿದ್ಯಾ?" ಎಂದು ಕೂಗಿದೆ. ಅವನು ಗಕ್ಕನೆ ತಿರುಗಿದ್ದಕ್ಕೆ ತೆಪ್ಪ ವಾಲಿ, ಬಿಚ್ಚಿದ ಬಲೆಯ ಸಮೇತ ನೀರಿಗೆ ಬಿದ್ದ. ಅಲ್ಲಿ ನೀರು ಎದೆಮಟ್ಟ. ತಾನು ಬೀಸಬೇಕಿದ್ದ ಬಲೆ ತನಗೇ ಸುತ್ತಿಕೊಂಡು ಏಳಲಾಗದೆ ಒದ್ದಾಡುತ್ತಿದ್ದ. ದೀಪ ಮಾತ್ರ ಕೆಳಗೆ ಉರಿಯುತ್ತಲೇ ಇದ್ದುದರಿಂದ ನಮಗೆಲ್ಲ ಅವನ ಮುಖ ಸ್ಪಷ್ಟವಾಗಿ ಕಂಡಿತು. ಇನ್ನೊಬ್ಬ ಈಜಿ ಓಡಿಹೋದ, ಅವನು ಯಾರೆಂದು ನನಗೆ ಗೊತ್ತಿಲ್ಲ.

ಇಸ್ಹಾಕ್ ಮತ್ತು ಪಿಳ್ಳಪ್ಪ ಅವನನ್ನು ತೆಪ್ಪದ ಸಮೇತ ದಡಕ್ಕೆ ಎಳೆದರು. ಅಷ್ಟರಲ್ಲಿ ನಾನು ಕೊಟ್ಟ ಮಿಸ್ಡ್ ಕಾಲ್ ನೋಡಿ ಅತ್ತೆ ತಟ್ಟೆ ಬಡಿಯುತ್ತಾ ಊರನ್ನೇ ಕರೆದುಕೊಂಡು ಬಂದರು. ರವಿಚಂದ್ರ, ತಾನು ಸಂಘದ ಪರವಾಗಿ ಕಳ್ಳರನ್ನು ಚೆಕ್ ಮಾಡಲು ಬಂದಿದ್ದೆ ಎಂದು ಹೇಳಿದ. ಪಿಳ್ಳಪ್ಪನವರು, ಬಲೆ ಹೊದ್ದುಕೊಂಡು ಯಾರಪ್ಪಾ ಚೆಕ್ ಮಾಡುತ್ತಾರೆ ಎಂದು ಕೇಳಿದರು. ಪಾಲಿಗೆ ಕಾದಿದ್ದ ಮನೆಗಳ ಹೆಂಗಸರು ತೆಪ್ಪದಲ್ಲಿದ್ದ ಮೂರು ಚೀಲ ಮೀನನ್ನು ತೆಗೆದು ಅವನ ಎದುರಿಗೇ ಇಟ್ಟರು. ಅವನನ್ನು ಯಾರೂ ಹೊಡೆದಿಲ್ಲ. ನನ್ನ ಅತ್ತೆ ಹೊಡೆದರೆಂದು ಅವನು ಬರೆಸಿದ್ದರೆ, ಅದು ಕತ್ತಲಲ್ಲಿ ತಟ್ಟೆ ತಗುಲಿದ್ದು.

112ಕ್ಕೆ ಫೋನ್ ಮಾಡಿದೆವು. ಜೀಪು ಬರಲು ಮುಕ್ಕಾಲು ಗಂಟೆ ಆಯಿತು. ಅಷ್ಟು ಹೊತ್ತೂ ನಾನು ಆ ಮೀನಿನ ದೀಪವನ್ನು ಬ್ಯಾಟರಿ ಸಮೇತ ತಂದು ನನ್ನ ಗಿಡಗಳ ಮೇಲೆ ಸಾಲುಸಾಲಾಗಿ ಹಿಡಿದಿದ್ದೆ. ಸಾಕ್ಷ್ಯವನ್ನು ಹೀಗೆ ಮುಟ್ಟಬಾರದಿತ್ತು ಎಂದು ಸಬ್‌ ಇನ್ಸ್‌ಪೆಕ್ಟರ್ ಸಾಹೇಬರು ಬೈದರು. ಮುಟ್ಟಿದ್ದು ನಿಜ. ನನ್ನ ಗಿಡಗಳಿಗೆ ಅದು ಮೂರನೆಯ ಕತ್ತಲ ರಾತ್ರಿ, ನನಗೆ ಬೇರೆ ದಾರಿ ತೋಚಲಿಲ್ಲ.

ಇಂದು ಬೆಳಿಗ್ಗೆ ಒಂದೊಂದು ಗಿಡದ ಕುಡಿಯನ್ನೂ ಬಿಡಿಸಿ ನೋಡಿದ್ದೇನೆ. ಇನ್ನೂ ಮೊಗ್ಗು ಬಂದಿಲ್ಲ. ಇವತ್ತೂ ನಾಳೆಯೂ ಕತ್ತಲಲ್ಲಿ ಬಿಟ್ಟರೆ ನಾನು ಹೇಳಲಾರೆ. ಅದಕ್ಕೇ ತಿಂಡಿಯನ್ನೂ ತಿನ್ನದೆ ಬಂದು ಬಲ್ಬು ಕೇಳಿದೆ. ನನ್ನ ತಪ್ಪಿಲ್ಲವೆಂದು ಸಾಹೇಬರು ಒಪ್ಪಿದರು. ಆದರೆ ಬಲ್ಬುಗಳು ಕೇಸಿನಲ್ಲಿ ಜಪ್ತಿಯಾಗಿರುವುದರಿಂದ ಕೋರ್ಟಿನ ಆದೇಶವಿಲ್ಲದೆ ಕೊಡಲಾಗುವುದಿಲ್ಲ, ವಾರಗಳು ಹಿಡಿಯಬಹುದು ಎಂದು ತಿಳಿಸಿದರು. ನಾನು ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ. ಅತ್ತು ಮುಗಿದ ಮೇಲೆ, ಇಡೀ ಊರು ನೀರೊಳಗಿನ ದೀಪವನ್ನು ನನ್ನ ದೀಪವೆಂದು ತಿಳಿದದ್ದು ಹೇಗೆ ಎನ್ನುವುದನ್ನು ಕೋರ್ಟಿನಲ್ಲಿ ತೋರಿಸುವುದು ಬೇಡವೇ, ಅದಕ್ಕೆ ಬಲ್ಬುಗಳನ್ನು ಇದ್ದ ಜಾಗದಲ್ಲೇ ಕಟ್ಟಿ ಉರಿಸಿ ನೋಡಬೇಕಲ್ಲವೇ ಎಂದು ಕೇಳಿದೆ. ಸಾಹೇಬರು, ಇಂದು ರಾತ್ರಿ ಹತ್ತು ಗಂಟೆಗೆ ತೋಟದಲ್ಲಿ ಬಲ್ಬು ಉರಿಸಿ ಸ್ಥಳ ಮಹಜರು ನಡೆಸಲು, ಬಲ್ಬುಗಳು ಪೊಲೀಸರ ಸುಪರ್ದಿನಲ್ಲೇ ಇರುವಂತೆ ನೋಡಿಕೊಳ್ಳಲು ಉಮಾಶಂಕರ್ ಅವರಿಗೆ ಹೇಳಿದ್ದಾರೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೇ. ಈ ಮಹಜರನ್ನು ಒಂದೇ ರಾತ್ರಿಗೆ ಅವಸರದಲ್ಲಿ ಮುಗಿಸಬಾರದು. ಕತ್ತಲ ರಾತ್ರಿ ಬೇರೆ ಕಾಣುತ್ತದೆ, ಮಂಜಿನ ರಾತ್ರಿ ಬೇರೆ, ಬೆಳದಿಂಗಳಲ್ಲಿ ಬೇರೆ. ಎಲ್ಲವನ್ನೂ ಸರಿಯಾಗಿ ಪರಿಶೀಲಿಸಿ, ಪ್ರತಿ ದಿನ ಹತ್ತರಿಂದ ಎರಡರವರೆಗೆ, ಮೂರು ವಾರ ಮಹಜರು ನಡೆಸಬೇಕು. ಬರುವ ಸಿಬ್ಬಂದಿಗೆ ಊಟ, ಹೊದಿಕೆ ನಮ್ಮ ಮನೆಯಿಂದ.

ಇದನ್ನು ನನಗೆ ಓದಿ ಹೇಳಿದ್ದಾರೆ. ಕೇಳಿದೆ, ಎಲ್ಲವೂ ನಡೆದ ಹಾಗೆಯೇ ಇದೆ, ಒಂದಕ್ಷರ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 28-01-2025
ಸಹಿ: ಪ್ರಮೋದಾ