ನನಗೆಂದೇ ಕೊಟ್ಟ ಕವಡೆ

ವೇದಿಕೆಯ ಮೇಲಿರುವ ಅಧ್ಯಕ್ಷರಾದ ವೆಂಕಟರಾಮಯ್ಯನವರೇ, ಮೆದುಳಿನ ಆರೋಗ್ಯದ ಬಗ್ಗೆ ಈಗಷ್ಟೇ ಸೊಗಸಾಗಿ ಮಾತಾಡಿ ಕೂತ ಡಾಕ್ಟರ್ ಬಸವಕಿರಣ ಅವರೇ, ವಿದ್ಯಾರಣ್ಯಪುರದ ನಮ್ಮ ಸಂಜೆಮಲ್ಲಿಗೆ ಹಿರಿಯರ ಬಳಗದ ಅಣ್ಣಂದಿರೇ, ಅಕ್ಕಂದಿರೇ, ಕೇಸರಿಬಾತಿನ ವಾಸನೆಗೆ ಆಗಲೇ ಬಾಗಿಲ ಕಡೆ ತಿರುಗಿರುವ ಹಿಂದಿನ ಸಾಲಿನ ಸಭಿಕರೇ,

ನನಗೆ ಶಾಲು ಹೊದಿಸಿದಿರಿ, ಹಾರ ಹಾಕಿದಿರಿ. ಆಮೇಲೆ ಅಧ್ಯಕ್ಷರು ಮೈಕಿನಲ್ಲಿ, ‘ದ್ರೌಪದಮ್ಮನವರು ಇನ್ನು ಮುಂದೆ ನಮ್ಮ ಗೌರವ ಸದಸ್ಯರು, ದಿನಾ ಪಾರ್ಕಿಗೆ ಬಂದು ದಣಿಯುವುದು ಬೇಡ, ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳಲಿ’ ಎಂದರು. ಎಂಥ ಕರುಣೆ. ಒಬ್ಬಳನ್ನು ಆಚೆ ಕಳಿಸುವುದಕ್ಕೆ ಇಷ್ಟೊಂದು ಸೇವಂತಿಗೆ ಬೇಕಾಗುತ್ತದೆಂದು ನನಗೆ ಗೊತ್ತಿರಲಿಲ್ಲ.

ನಾನೇನು ದಣಿದಿದ್ದೇನೆಯೇ? ಇಲ್ಲಿ ಕೂತ ಎಷ್ಟು ಜನ ಮಧ್ಯೆ ಎಲ್ಲೂ ಕೂರದೆ ಪಾರ್ಕನ್ನು ಒಂದು ಸುತ್ತು ಬರುತ್ತೀರಿ?

ವಿಷಯ ಅದಲ್ಲ, ನಿಮಗೂ ಗೊತ್ತು. ನನಗೆ ಎಚ್‌ಐವಿ ಇದೆ. ಹೇಗೆ ಬಂತು ಎಂದು ಕೇಳಬೇಡಿ. ಅದರ ಉತ್ತರದಿಂದ ನನ್ನ ಮೆದುಳಿಗೂ ಲಾಭವಿಲ್ಲ, ನಿಮ್ಮದಕ್ಕೂ ಇಲ್ಲ. ಇದನ್ನು ನಾನು ಹೇಳಿದ್ದು ನಮ್ಮ ಬಳಗದ ಸರಳಾ ಒಬ್ಬರಿಗೇ, ಬಸ್ ಸ್ಟಾಪಿನಲ್ಲಿ.

‘ತಿಂಗ್ ತಿಂಗ್ಳೂ ಬ್ಯಾಗ್ ಹಿಡ್ಕೊಂಡು ಎಲ್ಲಿಗ್ರೀ ಹೋಗ್ತೀರಾ?’ ಎಂದರು.

‘ಎಚ್‌ಐವಿ ಮಾತ್ರೆ ತರಕ್ಕೆ ಕಣಮ್ಮ’ ಎಂದೆ.

‘ಅಯ್ಯೋ, ನಾನ್ ಯಾರ್ಗೂ ಹೇಳಲ್ಲ ಬಿಡಿ.’

ಮಾತ್ರೆ ತೆಗೆದುಕೊಂಡು ಬರುವಷ್ಟರಲ್ಲಿ ಪಾರ್ಕಿನ ಮಾಲಿಯೂ ನನ್ನನ್ನು ಪಾಪ ಎನ್ನುವಂತೆ ನೋಡುತ್ತಿದ್ದ. ಸರಳಾ ಅವರೇ, ತಲೆ ಬಗ್ಗಿಸಬೇಡಿ. ನಿಮ್ಮ ಜ್ಞಾಪಕಶಕ್ತಿ ಚೆನ್ನಾಗಿದೆ ಎಂದು ಹೊಗಳುತ್ತಿದ್ದೇನೆ.

ನನ್ನದೇ ಚೆನ್ನಾಗಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ. ಒಮ್ಮೆ ಕೆಂಪಾಪುರದಲ್ಲಿ ಬಸ್ಸಿಳಿದು, ಯಾಕೆ ಇಳಿದೆ ಎಂದು ತಿಳಿಯದೆ ನಿಂತುಬಿಟ್ಟೆ. ‘ಅಮ್ಮಾ, ಈಗ್ ತಾನೆ ಇದೇ ಕೇಳಿದ್ಯಲ್ಲಮ್ಮ’ ಎನ್ನುವಾಗ ನನ್ನ ಮಗ ಮಹೇಂದ್ರನ ದನಿ ಸಣ್ಣಗಾಗುತ್ತಿತ್ತು. ಆ ಸಣ್ಣ ದನಿಗೆ ಹೆದರಿದಷ್ಟು ನಾನು ಕಾಯಿಲೆಗೂ ಹೆದರಿಲ್ಲ. ಮಗನ ಹೆಸರೇ ಮರೆತುಹೋದರೆ? ಈ ಕಾಯಿಲೆಯಲ್ಲಿ ಕೆಲವರಿಗೆ ಹೀಗಾಗುತ್ತದೆ ಎಂದು ಆಸ್ಪತ್ರೆಯವರು ಹೇಳಿದರು. ಮಾತ್ರೆ ತಪ್ಪಿಸಬೇಡಿ, ಹೊಗೆಸೊಪ್ಪು ಬಿಡಿ, ಬಿಪಿ ನೋಡಿಕೊಳ್ಳಿ, ನಡೆಯಿರಿ, ಚೆನ್ನಾಗಿ ನಿದ್ದೆ ಮಾಡಿ, ಜನರ ಜೊತೆ ಬೆರೆಯಿರಿ, ತಲೆಗೆ ಕೆಲಸ ಕೊಡುವ ಆಟ ಆಡಿ ಎಂದರು. ಹೊಗೆಸೊಪ್ಪು ಬಿಟ್ಟೆ, ಆ ಸಂಕಟ ನಿಮಗೆ ಬೇಡ. ಜನರನ್ನೂ ಆಟವನ್ನೂ ಹುಡುಕಿಕೊಂಡು ನಿಮ್ಮ ಚೌಕಾಬಾರದ ಮಣೆಗೆ ಬಂದೆ.

ಸರಳಾ ಅವರ ಗುಟ್ಟು ಊರೆಲ್ಲ ಸುತ್ತಿದ ಮಾರನೆಯ ಬೆಳಿಗ್ಗೆ, ಮಣೆಯ ಪಕ್ಕದಲ್ಲಿ ಒಂದು ಹೊಸ ಡಬ್ಬಿ. ಅದರಲ್ಲಿ ನಾಲ್ಕು ಹೊಸ ಕವಡೆ. ‘ಇದು ನಿಮಗೇ ಅಂತ ತರ್ಸಿದೀವಿ, ಆಟ ಆದ್ಮೇಲೆ ನಿಮ್ಮನೇಗೇ ತಗೊಂಡ್ಹೋಗಿ’ ಎಂದರು ಅಧ್ಯಕ್ಷರು, ಬಾಗಿನ ಕೊಡುವವರಂತೆ. ಕವಡೆಯಿಂದ ಎಚ್‌ಐವಿ ಬರುತ್ತದೆಯೇ, ಡಾಕ್ಟರೇ? ಇಲ್ಲವೆಂದು ನೀವು ತಲೆಯಾಡಿಸಿದ್ದು ಇವರಿಗೆ ಕಾಣಿಸಲಿಲ್ಲ, ಕನ್ನಡಕ ಕೊಡಿಸಬೇಕು.

ಎಲ್ಲರೂ ಒಂದೇ ಕವಡೆ ಎಸೆಯುವ ಆಟದಲ್ಲಿ ನನಗೆ ಮಾತ್ರ ಬೇರೆ ಕವಡೆ. ಅಳು ಬಂತು, ಆದರೂ ಆಡಿದೆ. ಆ ಕವಡೆಯ ಬುದ್ಧಿಯೋ ನನ್ನ ಕೈಯೋ ಕಾಣೆ, ಎಸೆದರೆ ಎಂಟರ ಬಾರ, ಇನ್ನೊಮ್ಮೆ ಎಸೆದರೆ ನಾಲ್ಕರ ಚೌಕ. ನಿಮ್ಮ ಕಾಯಿಗಳನ್ನೆಲ್ಲ ಕಡಿದು ನನ್ನವನ್ನು ಹಣ್ಣು ಮಾಡಿದೆ. ವಾರವಿಡೀ ಅದೇ ಕಥೆ. ಕೊನೆಗೆ ಹುಬ್ಬಳ್ಳಿ ಕಡೆಯ ನಮ್ಮ ರತ್ನಕ್ಕ ತಡೆಯಲಾರದೆ ಕೈ ಚಾಚಿದರು.

‘ಏ ದ್ರೌಪದವ್ವಾ, ನಿನ್ನ ಕವಡಿ ಭಾಳ ಚಲೋ ಬೀಳ್ತಾವ. ತಾ ಇಲ್ಲೆ.’

‘ರತ್ನಕ್ಕ, ಅದು ಅವ್ರದು’ ಎಂದು ಯಾರೋ ಪಿಸುಗುಟ್ಟಿದರು.

‘ಅವರದಂತನ ಕೇಳಾಕತ್ತೀನಿ. ನಿಮ್ಮವು ತಗೊಂಡು ಏನ್ ಮಾಡ್ಲಿ, ಸೋಲ್ಲೇನು?’

ಅವತ್ತು ಅವರೂ ಗೆದ್ದರು. ಮರುದಿನದಿಂದ ಬಳಗದ ಹಳೆಯ ಕವಡೆಯನ್ನು ಕೇಳುವವರೇ ಇಲ್ಲ. ಎಲ್ಲರಿಗೂ ನನ್ನದೇ ಬೇಕು. ಅಧ್ಯಕ್ಷರೇ, ನೀವೂ ಅದನ್ನು ಅಂಗೈಯಲ್ಲಿ ಕುಲುಕಿ, ಬಾಯಿಂದ ಉಫ್ ಎಂದು ಊದಿಯೇ ಎಸೆದಿರಿ. ಡಾಕ್ಟರುಗಳು ಎಷ್ಟು ಸಲ ಹೇಳಿದರೂ ಹೋಗದ ನಿಮ್ಮ ಭಯ ಒಂದು ಆಟ ಗೆಲ್ಲುವ ಆಸೆಗೆ ಹೋಯಿತು. ಬುದ್ಧಿಗೆ ಬಗ್ಗದವರು ದುರಾಸೆಗೆ ಬಗ್ಗಿದಿರಿ. ಇರಲಿ, ಬಗ್ಗಿದಿರಲ್ಲ.

ಈಗ ಮತ್ತೆ ಯಾಕೆ ಈ ಶಾಲು? ಮುಂದಿನ ತಿಂಗಳು ಶೆಟ್ಟಿಹಳ್ಳಿಯ ತಂಡ ಪಂದ್ಯಕ್ಕೆ ಬರುತ್ತದೆ. ‘ಅವರಿಗೆ ಗೊತ್ತಾದ್ರೆ ಏನಂದ್ಕೋತಾರೆ ಕಣ್ರೀ’ ಎಂದು ಅಧ್ಯಕ್ಷರು ಯಾರಿಗೋ ಹೇಳಿದ್ದು ನನ್ನ ಕಿವಿಗೂ ಬಿತ್ತು. ನನ್ನ ಕಿವಿಗೆ ಏನೂ ಆಗಿಲ್ಲ.

ಇಲ್ಲಿ ಆಡತೊಡಗಿದ ಮೇಲೆ ನನ್ನ ಮರೆವು ಕಡಿಮೆಯಾಗಿದೆ. ಮಹೇಂದ್ರ ಈಗ ನನ್ನ ಜೊತೆ ಸಣ್ಣ ದನಿಯಲ್ಲಿ ಮಾತಾಡುವುದಿಲ್ಲ, ಹಿಂದಿನಂತೆ ಜಗಳವಾಡುತ್ತಾನೆ. ಆ ಜಗಳ ನನಗೆ ಬೇಕು. ನಡಿಗೆ, ನಿದ್ದೆ, ಮಾತ್ರೆ ಇವೆಲ್ಲ ಮನೆಯಲ್ಲಿದ್ದೇ ಆಗಬಹುದು. ಗೋಡೆಯ ಜೊತೆ ಚೌಕಾಬಾರ ಆಡಲಾಗುತ್ತದೆಯೇ? ನನ್ನನ್ನು ಮನೆಯಲ್ಲಿ ಕೂರಿಸಿದರೆ ನೀವು ತೆಗೆಯುವುದು ಒಂದು ಸದಸ್ಯತ್ವವನ್ನಲ್ಲ, ನನ್ನ ಔಷಧಿಯನ್ನು.

ಆದ್ದರಿಂದ ನಿಯಮವನ್ನು ನಿಯಮದಂತೆಯೇ ನಡೆಸೋಣ. ಆ ಕವಡೆ ನನಗೆಂದೇ ಕೊಟ್ಟದ್ದು. ನಾನು ಮನೆಯಲ್ಲಿದ್ದರೆ ಅದೂ ಮನೆಯಲ್ಲೇ ವಿಶ್ರಾಂತಿ ತೆಗೆದುಕೊಳ್ಳುತ್ತದೆ. ಶೆಟ್ಟಿಹಳ್ಳಿಯವರ ಎದುರು ಹಳೆಯದರಲ್ಲೇ ಆಡಿ ಸೋಲುತ್ತೇವೆ ಎನ್ನುವವರು ಕೈ ಎತ್ತಿ.

ಒಂದು ಕೈಯೂ ಏಳಲಿಲ್ಲ. ಅಧ್ಯಕ್ಷರೇ, ನೀವು ನನ್ನನ್ನು ನೋಡಬೇಡಿ, ರತ್ನಕ್ಕನ ಮುಖ ನೋಡಿ.

ಶಾಲಿಗೆ ನಿಜವಾಗಿಯೂ ಕೃತಜ್ಞಳು. ಡಿಸೆಂಬರ್ ತಿಂಗಳು, ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚು ತಣ್ಣಗೆ ಕೊರೆಯುತ್ತದೆ. ನಾಳೆ ಇದನ್ನೇ ಹೊದ್ದು ಬರುತ್ತೇನೆ. ಮಣೆ ಹಾಕಿಡಿ.

ಕೇಳಿದ ನಿಮಗೂ, ಕೇಸರಿಬಾತು ಆರುತ್ತಿದ್ದರೂ ಎದ್ದು ಹೋಗದವರಿಗೂ ನಮಸ್ಕಾರ.